ಸಾಕಿದ ಹೋರಿ, ಸಲಿಗೆಯ ಟಗರು



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಾದ ನಿಮಗೆ ಹಳ್ಳಿಕಾರ್ ದನ, ಬಂಡೂರು ಕುರಿ ಇವೆರಡನ್ನೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಬಂಡೂರು ಎಂಬುದು ಮಳವಳ್ಳಿ ತಾಲ್ಲೂಕಿನ ಒಂದು ಊರು. ಕುರಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಹಳ್ಳಿಕಾರ್ ತಳಿಯ ಚಿತ್ರವಿದ್ದ ಅಂಚೆಚೀಟಿಯನ್ನು 2000ದಲ್ಲಿ ಅಂಚೆ ಇಲಾಖೆ ಹೊರತಂದಿತು. ಇವು ನಮ್ಮ ಹೆಮ್ಮೆ, ನಿಜ. ಆದರೆ ಮನೆಯಲ್ಲಿ ಮುದ್ದಿನಿಂದ ಬೆಳೆಸಿದ ಹೋರಿ, ಟಗರುಗಳು ಮನೆಯವರನ್ನೇ ಗುಮ್ಮಿ ಗಾಯಗೊಳಿಸುವುದೂ ಉಂಟು. ಹೀಗೇಕೆ ಆಗುತ್ತದೆ, ತಪ್ಪಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

"ನಾವೇ ಹಾಲು ಕುಡಿಸಿ ಸಾಕಿದ್ದು, ಅದು ನಮ್ಮನ್ನು ಹಾಯುವುದಿಲ್ಲ" ಎಂದು ಹಲವರು ನಂಬುತ್ತಾರೆ. ಪ್ರಾಣಿಗಳ ನಡತೆಯನ್ನು ಅಭ್ಯಾಸ ಮಾಡಿದವರು ಕಂಡದ್ದು ಬೇರೆ. ದನ, ಕುರಿ ಮಂದೆಯಲ್ಲಿ ಬಾಳುವ ಜೀವಿಗಳು. ಮಂದೆಯ ಗಂಡುಗಳು ತಲೆಗೆ ತಲೆ ಕೊಟ್ಟು ಬಲಾಬಲ ತಿಳಿದುಕೊಳ್ಳುತ್ತವೆ. ತಾಯಿಯಿಲ್ಲದೆ, ಜೊತೆಯಿಲ್ಲದೆ ಬಾಟಲಿ ಹಾಲಿನಲ್ಲಿ ಬೆಳೆದ ಗಂಡು ಮರಿ ಮನುಷ್ಯರನ್ನೇ ತನ್ನ ಮಂದೆಯೆಂದು ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಬಲಪರೀಕ್ಷೆಗೆ ಅದು ಹುಡುಕುವುದು ಮನುಷ್ಯನನ್ನೇ. ಬೇರೆ ಪ್ರಾಣಿಯಾದರೆ ನಮ್ಮ ಭಯದಿಂದ ದೂರ ಸರಿಯುತ್ತದೆ. ಇದಕ್ಕೆ ಆ ಭಯವೂ ಇರುವುದಿಲ್ಲ.

ಮಕ್ಕಳು ಟಗರುಮರಿಯ ಹಣೆಗೆ ಅಂಗೈ ಒತ್ತಿ ತಳ್ಳಾಡುವುದನ್ನು ನೀವು ನೋಡಿರಬಹುದು. ನಮಗೆ ಅದು ಆಟ; ಮರಿಗೆ ಅದು ಪಾಠ. ಐದು ಕಿಲೋ ಮರಿ ಕಲಿತ ಪಾಠವನ್ನು ಮೂವತ್ತು ಕಿಲೋ ಮೀರಿದ ಟಗರು ಮರೆಯುವುದಿಲ್ಲ. ಬಂಡೂರು ಟಗರಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಆದರೂ ಓಡಿಬಂದು ಮೊಣಕಾಲಿಗೆ ಗುದ್ದಿದರೆ ದೊಡ್ಡವರೂ ಬೀಳುತ್ತಾರೆ. ಹೋರಿಯ ತೂಕವಂತೂ ಮುನ್ನೂರು ಕಿಲೋ ಮೀರುತ್ತದೆ. ಆದ್ದರಿಂದ ಮುದ್ದು ಮಾಡುವಾಗ ಹಣೆ ಮುಟ್ಟಬೇಡಿ. ಗಂಗೆದೊಗಲು, ಕತ್ತು ಸವರಿ. ಗಂಡುಕರುವನ್ನು ಬೇರೆ ಕರುಗಳೊಂದಿಗೆ ಬೆಳೆಸಿ. ತಳಿಗಾಗಿ ಬೇಡವಾದ ಗಂಡಿಗೆ ಸಕಾಲದಲ್ಲಿ ಪಶುವೈದ್ಯರಿಂದಲೇ ಬೀಜ ಒಡೆಸಬೇಕು.

ಇನ್ನು ಅವುಗಳ ನೋಟದ ವಿಚಾರ. ದನದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲೂ ಬಹುಪಾಲು ಕಾಣುತ್ತದೆ. ನೇರ ಹಿಂದೆ ಇರುವುದು ಮಾತ್ರ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋಗಿ ಬಾಲ ಮುಟ್ಟಿದರೆ ಒದೆ ಬೀಳುವುದು ಕೋಪದಿಂದಲ್ಲ, ಗಾಬರಿಯಿಂದ. ದನದ ಹಿಂಗಾಲು ಪಕ್ಕಕ್ಕೂ ಮುಂದಕ್ಕೂ ಬೀಸುತ್ತದೆಂಬುದು ನೆನಪಿರಲಿ. ಹೆಸರು ಕರೆಯುತ್ತ, ಹೆಗಲಿನ ಕಡೆಯಿಂದ ಬಂದು, ಮೊದಲು ಮೈಮೇಲೆ ಕೈಯಿಡಿ.

ಹಗ್ಗ ಹಿಡಿಯುವುದಕ್ಕೂ ಕ್ರಮವಿದೆ. ಅದನ್ನು ಎಂದೂ ಕೈಗೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಹೋರಿ ಬೆದರಿ ಓಡಿದರೆ ನಿಮ್ಮನ್ನೂ ಎಳೆದೊಯ್ಯುತ್ತದೆ. ಗೂಟಕ್ಕೆ ಕಟ್ಟುವಾಗ ತುದಿ ಎಳೆದೊಡನೆ ಬಿಚ್ಚಿಕೊಳ್ಳುವಂಥ ಗಂಟು ಹಾಕಿ. ಬರೀ ಮೂಗುದಾರದಿಂದ ಕಟ್ಟಿಹಾಕಬೇಡಿ. ಬೆದರಿ ಜಗ್ಗಿದರೆ ಮೂಗು ಹರಿಯುತ್ತದೆ. ಗೋಡೆಗೂ ಹೋರಿಗೂ ನಡುವೆ ಸಿಕ್ಕಿಕೊಳ್ಳದೆ, ಹೊರಬರುವ ದಾರಿಯನ್ನು ಮೊದಲೇ ನೋಡಿಕೊಂಡು ಕೊಟ್ಟಿಗೆಗೆ ಹೋಗಿ. ಹೊಸದಾಗಿ ಕರು ಹಾಕಿದ ಹಸುವಿಗೂ ಅದರ ಕರುವಿಗೂ ಮಧ್ಯೆ ನಿಲ್ಲಬೇಡಿ.

ಹಾಯುವ ಮೊದಲು ಹೋರಿ ಸೂಚನೆ ಕೊಡುತ್ತದೆ. ಮೈಯ ದೊಡ್ಡತನ ತೋರಿಸುವಂತೆ ಅಡ್ಡ ತಿರುಗಿ ನಿಲ್ಲುತ್ತದೆ. ತಲೆ ತಗ್ಗಿಸಿ ದಿಟ್ಟಿಸುತ್ತದೆ, ಬುಸುಗುಟ್ಟುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ. ಆಗ ಕೂಗಾಡಬೇಡಿ, ಬೆನ್ನು ತೋರಿಸಬೇಡಿ. ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿದು, ಗೇಟು ಅಥವಾ ಮರದ ಮರೆ ಸೇರಿ.

ಈ ಮಾತುಗಳನ್ನೆಲ್ಲ ಈಗ ಹೇಳಬೇಕಾಗಿ ಬಂದಿರುವುದಕ್ಕೆ ಕಾರಣವಿದೆ. 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಆಮೇಲೆ ಬಹುಕಾಲ ಕಬ್ಬಿನ ಗಾಡಿ ಎಳೆದದ್ದು ಎತ್ತುಗಳೇ. ದಿನವಿಡೀ ಎತ್ತಿನ ಜೊತೆಗಿದ್ದ ರೈತನಿಗೆ ಅದರ ಕಿವಿ ಅಲುಗಿದರೂ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ನಡೆಯುವ ಮಗನಿಗೂ ಆ ವಿದ್ಯೆ ತಾನಾಗಿ ಬರುತ್ತಿತ್ತು. ಇಂದು ಉಳುಮೆ, ಸಾಗಣೆ ಬಹುಮಟ್ಟಿಗೆ ಟ್ರಾಕ್ಟರಿನ ಪಾಲು. ಹೋರಿಯನ್ನು ಜಾತ್ರೆಗೆಂದೋ ಹೆಮ್ಮೆಗೆಂದೋ ಕಟ್ಟಿ ಮೇಯಿಸುವ ಮನೆಗಳಿವೆ. ಹೊಟ್ಟೆತುಂಬ ಮೇವುಂಟು, ಮೈ ಬಗ್ಗಿಸುವ ಕೆಲಸವಿಲ್ಲ. ಹಿರಿಯರು ಊರಲ್ಲಿಲ್ಲದ ದಿನ ನೀರಿಗೆ ಬಿಡಬೇಕಾದವರು ಕಾಲೇಜಿನಿಂದ ಬಂದ ನೀವು. ಬಲ ಬೆಳೆದಿದೆ, ಬಳಕೆ ಕಡಿಮೆಯಾಗಿದೆ. ಅಪಾಯವಿರುವುದು ಇಲ್ಲಿಯೇ.

ಹಾಗೆಂದು ಹೊಡೆದು ಬಗ್ಗಿಸುವುದು ಪರಿಹಾರವಲ್ಲ. ಪ್ರಾಣಿಯನ್ನು ಹಿಂಸಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಪೆಟ್ಟು ತಿಂದ ಪ್ರಾಣಿ ಇನ್ನಷ್ಟು ಬೆದರುತ್ತದೆ. ಸಂಕ್ರಾಂತಿಯಂದು ಕಿಚ್ಚು ಹಾಯಿಸುವಾಗ ಬೆಂಕಿ, ತಮಟೆ, ಜನಜಂಗುಳಿಯ ನಡುವೆ ಸಾಧುವಾದ ಎತ್ತೂ ದಾರಿ ತಪ್ಪಬಹುದು, ಚಿಕ್ಕಮಕ್ಕಳನ್ನು ದೂರವಿರಿಸಿ. ಗಾಯವಾದರೆ ಸಾಬೂನು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಸಾಧುವಾಗಿದ್ದ ದನ ಒಮ್ಮೆಲೇ ಜೊಲ್ಲು ಸುರಿಸುತ್ತ ಕೆರಳಿದರೆ ಹುಚ್ಚುನಾಯಿ ಕಚ್ಚಿರಲೂಬಹುದು; ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಸಿ. ಸಂಚಾರಿ ಪಶುಚಿಕಿತ್ಸೆಯ ದೂರವಾಣಿ ಸಂಖ್ಯೆ 1962.

ಮಿತ್ರರೇ, ದೊಡ್ಡ ಪ್ರಾಣಿಯನ್ನು ಬಲದಿಂದ ಗೆಲ್ಲಲು ನಮ್ಮಿಂದಾಗದು. ಅದು ಚಿಕ್ಕದಾಗಿರುವಾಗ ಕಲಿಸಿದ ಅಭ್ಯಾಸವೇ ದೊಡ್ಡದಾದಾಗ ನಮ್ಮನ್ನು ಕಾಯುತ್ತದೆ. ಪ್ರೀತಿಯಿರಲಿ, ಸಲಿಗೆಗೆ ಮಿತಿಯಿರಲಿ. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಇಂದು ಒಂದು ಕರುವಿದ್ದರೆ, ಅದರ ಹಣೆ ತಳ್ಳುತ್ತಿರುವ ತಮ್ಮನಿಗೋ ತಂಗಿಗೋ ಈ ಮಾತನ್ನು ತಿಳಿಸಿ.