ಹುಲಿ ಹೋದ ಮೇಲೆ ಜಿಂಕೆ ಏನು ಮಾಡುತ್ತದೆ?



ನಿಮಗೊಂದು ಪ್ರಶ್ನೆ. ಹುಲಿಯನ್ನು ಕಂಡರೆ ಜಿಂಕೆ ಏನು ಮಾಡುತ್ತದೆ? ‘ಹೆದರಿ ಓಡುತ್ತದೆ’ ಎಂದು ನೀವು ಕೂಡಲೇ ಉತ್ತರಿಸುತ್ತೀರಿ. ಸರಿ, ಹುಲಿ ಹೊರಟುಹೋದ ಮೇಲೆ ಏನು ಮಾಡುತ್ತದೆ? ಈ ಎರಡನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಆದರೆ ನಮ್ಮ ಆರೋಗ್ಯಕ್ಕೆ ಬೇಕಾದ ಒಂದು ಮುಖ್ಯ ಪಾಠ ಇದರ ಉತ್ತರದಲ್ಲಿದೆ.

ಬಂಡೀಪುರದ ಕಾಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಚುಕ್ಕೆ ಜಿಂಕೆಗಳ ಹಿಂಡೊಂದು ಮೇಯುತ್ತಿದೆ. ಮರದ ಮೇಲೆ ಮುಸುವಗಳು ಚಿಗುರು ತಿನ್ನುತ್ತಿವೆ. ಪೊದೆಯ ಮರೆಯಲ್ಲಿ ಹುಲಿಯ ಸುಳಿವು ಸಿಕ್ಕಿತೋ, ಮೇಲಿನಿಂದ ಮುಸುವ ಕೆಮ್ಮಿದಂತೆ ಕೂಗುತ್ತದೆ. ಕೆಳಗೆ ಜಿಂಕೆ ಬಾಲವೆತ್ತಿ, ಮುಂಗಾಲಿನಿಂದ ನೆಲ ಒದ್ದು, ಕೀರಲು ದನಿಯಲ್ಲಿ ಎಚ್ಚರಿಕೆ ಕೊಡುತ್ತದೆ. ಇಡೀ ಹಿಂಡು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿ ನಿಲ್ಲುತ್ತದೆ. ಗುಟ್ಟು ರಟ್ಟಾದ ಹುಲಿ ಎಷ್ಟೋ ಸಲ ಬೇಟೆಯ ಆಸೆ ಬಿಟ್ಟು ನಡೆದುಬಿಡುತ್ತದೆ. ಅಪಾಯ ದೂರವಾಯಿತೆಂದು ಖಾತ್ರಿಯಾದ ಮೇಲೆ ಜಿಂಕೆ ತಲೆ ತಗ್ಗಿಸಿ ಮತ್ತೆ ಮೇಯತೊಡಗುತ್ತದೆ.

ಇನ್ನು ನಮ್ಮ ಕಥೆ ನೋಡಿ. ಬೆಳಿಗ್ಗೆ ತರಗತಿಯಲ್ಲಿ ಯಾರೋ ಆಡಿದ ಒಂದು ಚುಚ್ಚುಮಾತು ರಾತ್ರಿ ಹನ್ನೊಂದು ಗಂಟೆಗೂ ಕಿವಿಯಲ್ಲಿ ಕೊರೆಯುತ್ತಿರುತ್ತದೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದ್ದರೂ ಈ ದಿನವೇ ಊಟ ಸೇರುವುದಿಲ್ಲ. ಹುಲಿ ಎದುರಿಗಿಲ್ಲ. ಆದರೂ ನಮ್ಮ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಹೀಗೇಕೆ?

ಇದಕ್ಕೆ ಮೊದಲ ಸುಳಿವು ಕೊಟ್ಟದ್ದು ಒಂದು ಬೆಕ್ಕು. 1895ರಲ್ಲಿ ಎಕ್ಸ್-ರೇ ಪತ್ತೆಯಾಯಿತು. ಮರುವರ್ಷವೇ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅದರ ಸಹಾಯದಿಂದ ಪ್ರಾಣಿಗಳ ಜೀರ್ಣಕ್ರಿಯೆಯನ್ನು ನೋಡಲು ಆರಂಭಿಸಿದರು. ಎಕ್ಸ್-ರೇಯಲ್ಲಿ ಕಾಣಿಸುವಂತೆ ಬಿಸ್ಮತ್ ಬೆರೆಸಿದ ಆಹಾರವನ್ನು ಬೆಕ್ಕಿಗೆ ತಿನ್ನಿಸಿದರು. ಜಠರ ಅಲೆಅಲೆಯಾಗಿ ಆಹಾರವನ್ನು ಕಲಸುವುದು ಕಾಣಿಸಿತು. ಆದರೆ ಬೆಕ್ಕು ಗಾಬರಿಗೊಂಡು ಚಡಪಡಿಸಿದಾಗ ಆ ಅಲೆಗಳು ನಿಂತೇಹೋದವು! ಮೈ ಸವರಿ ಸಮಾಧಾನ ಮಾಡಿದಾಗ ಬೆಕ್ಕು ಗುರುಗುಟ್ಟಿತು, ಜಠರವೂ ಮತ್ತೆ ಕೆಲಸ ಶುರುಮಾಡಿತು. ಮನಸ್ಸಿನ ತಳಮಳ ಹೊಟ್ಟೆಯನ್ನು ಮುಟ್ಟುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು.

ಮುಂದೆ ಕ್ಯಾನನ್ ಇದರ ಕಾರಣವನ್ನೂ ವಿವರಿಸಿದರು. ಅಪಾಯ ಎದುರಾದಾಗ ಪ್ರಾಣಿಗೆ ಎರಡೇ ದಾರಿ: ಕಾದಾಡು, ಇಲ್ಲವೇ ಓಡು. ಎರಡಕ್ಕೂ ಶಕ್ತಿ ಬೇಕು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಆಗ ಅಡ್ರಿನಲಿನ್ ಸ್ರವಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ. ಪ್ರಾಣ ಉಳಿಸಿಕೊಳ್ಳುವ ಹೊತ್ತಿನಲ್ಲಿ ಊಟ ಅರಗಿಸುವ ತುರ್ತೇನೂ ಇಲ್ಲವಲ್ಲ! ಆದ್ದರಿಂದ ಜೀರ್ಣಕ್ರಿಯೆಗೆ ತಾತ್ಕಾಲಿಕ ರಜೆ.

ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ ನಿಮ್ಮ ಬಾಯಿ ಒಣಗುವುದು, ಅಂಗೈ ಬೆವರುವುದು, ಹೊಟ್ಟೆಯಲ್ಲಿ ಸಂಕಟವಾಗುವುದು ಇದೇ ಕಾರಣಕ್ಕೆ. ಇದು ಹೇಡಿತನವಲ್ಲ, ರೋಗವೂ ಅಲ್ಲ. ದೇಹ ನಿಮ್ಮ ನೆರವಿಗೆ ಸಜ್ಜಾಗುತ್ತಿದೆ, ಅಷ್ಟೆ. ಭಯವನ್ನು ಕಂಡು ಭಯಪಡಬೇಡಿ. ಇದು ಮೊದಲ ಪಾಠ.

ನಮ್ಮ ಸ್ಟುಡಿಯೋ ಬಾಗಿಲ ಮೇಲೆ ಒಂದು ಕೆಂಪು ದೀಪವಿರುತ್ತದೆ. ಧ್ವನಿಮುದ್ರಣ ನಡೆಯುವಾಗ ಅದು ಉರಿಯುತ್ತದೆ, ಮುಗಿದೊಡನೆ ಆರುತ್ತದೆ. ಆರದೆ ಹಗಲೂ ರಾತ್ರಿ ಉರಿಯುತ್ತಿದ್ದರೆ ಯಾರೂ ಒಳಗೆ ಹೋಗಲಾರರು, ಯಾವ ಕೆಲಸವೂ ನಡೆಯದು. ನಮ್ಮ ದೇಹದ ಎಚ್ಚರಿಕೆಯ ವ್ಯವಸ್ಥೆಯೂ ಹೀಗೆಯೇ. ಅದು ಹೊತ್ತಿಕೊಳ್ಳುವುದು ತಪ್ಪಲ್ಲ, ಆರದೇ ಉಳಿಯುವುದು ತೊಂದರೆ. ಆಗ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಜೀಬ್ರಾಗಳನ್ನು ಉದಾಹರಣೆಯಾಗಿಟ್ಟುಕೊಂಡು ವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ 1994ರಲ್ಲಿ ಬರೆದ ಪುಸ್ತಕದ ಸಾರವೂ ಇದೇ. ಜೀಬ್ರಾದ ಸಂಕಟ ಕೆಲವು ನಿಮಿಷಗಳ ಓಟದಲ್ಲಿ ಮುಗಿಯುತ್ತದೆ. ಮನುಷ್ಯ ಕುಳಿತಲ್ಲೇ ಕಲ್ಪನೆಯಿಂದ ಸಿಂಹವನ್ನು ಕರೆದುಕೊಳ್ಳಬಲ್ಲ.

ಹಾಗೆಂದು ಪ್ರಾಣಿಗಳಿಗೆ ಚಿಂತೆಯೇ ಇಲ್ಲವೆಂದು ತಿಳಿಯಬೇಡಿ. ಸಪೋಲ್ಸ್ಕಿಯವರೇ ಪೂರ್ವ ಆಫ್ರಿಕದಲ್ಲಿ ಬಬೂನ್ ಕೋತಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಬಲಶಾಲಿಗಳಿಂದ ದಿನವೂ ಕಿರುಕುಳ ತಿನ್ನುವ ಕೋತಿಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚಾಗಿರುವುದು ಕಂಡುಬಂತು. ಇಕ್ಕಟ್ಟಾದ ಬೋನಿನಲ್ಲಿ ಹುಲಿ ಅತ್ತಿಂದಿತ್ತ ಒಂದೇ ಸಮನೆ ತಿರುಗುವುದನ್ನು ನೀವೂ ನೋಡಿರಬಹುದು. ಪಾರಾಗುವ ದಾರಿ ಇಲ್ಲದಾಗ ಪ್ರಾಣಿಯೂ ಬಳಲುತ್ತದೆ.

ಆದ್ದರಿಂದ, ಮನಸ್ಸು ಕಲಕಿದಾಗ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಹುಲಿ ಈಗ ಇಲ್ಲಿದೆಯೇ, ಹೊರಟುಹೋಯಿತೇ?’ ಬಿದ್ದು ನಗೆಪಾಟಲಾದದ್ದು, ಗೆಳತಿ ಮುನಿಸಿಕೊಂಡು ಆಡಿದ ಮಾತು, ಕಳೆದ ತಿಂಗಳ ಕಡಿಮೆ ಅಂಕ: ಇವು ಹೊರಟುಹೋದ ಹುಲಿಗಳು. ಮತ್ತೆ ಮೇಯಲು ಹೋಗಿ! ಎಂದರೆ ಎದ್ದು ನಿಮ್ಮ ಕೆಲಸಕ್ಕೆ ತೊಡಗಿ. ಆದರೆ ಯಾರೋ ದಿನವೂ ನಿಮ್ಮನ್ನು ಪೀಡಿಸುತ್ತಿದ್ದರೆ, ಮನೆಯಲ್ಲಿ ನಿತ್ಯ ಜಗಳವಿದ್ದರೆ ಹುಲಿ ಇನ್ನೂ ಅಲ್ಲೇ ಇದೆ. ‘ಮರೆತುಬಿಡು’ ಎಂಬ ಉಪದೇಶ ಅಲ್ಲಿ ಸಲ್ಲದು. ಅಲ್ಲಿ ಬೇಕಾದದ್ದು ಮುಸುವನ ಕೂಗು. ದೊಡ್ಡವರಿಗೆ ಕೇಳಿಸುವಂತೆ ಹೇಳಿ.

ಇನ್ನು ಮುಂದೆ ಬರಲಿರುವ ಹುಲಿಯ ಮಾತು. 1970ರ ಸುಮಾರಿಗೆ ಅಮೆರಿಕದ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಎರಡು ಇಲಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ. ಒಂದು ಇಲಿ ತನ್ನ ಚಕ್ರ ತಿರುಗಿಸಿ ಅದನ್ನು ನಿಲ್ಲಿಸಬಹುದಿತ್ತು. ಇನ್ನೊಂದರ ಚಕ್ರದಿಂದ ಏನೂ ಪ್ರಯೋಜನವಿರಲಿಲ್ಲ. ಚಕ್ರ ಕೈಯಲ್ಲಿದ್ದ ಇಲಿಗೆ ಹೊಟ್ಟೆಹುಣ್ಣು ಕಡಿಮೆಯಾಗಿತ್ತು! ಮನುಷ್ಯರ ಹೊಟ್ಟೆಹುಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾದ ಪಾತ್ರ ದೊಡ್ಡದೆಂದು ಆಮೇಲೆ ತಿಳಿದುಬಂದಿತು. ಆದರೂ ಇಲಿಯ ಪಾಠ ಹಳತಾಗಿಲ್ಲ. ಪರೀಕ್ಷೆಯನ್ನು ನೀವು ನಿಲ್ಲಿಸಲಾರಿರಿ. ಆದರೆ ಇಂದು ಸಂಜೆ ಆರರಿಂದ ಏಳರವರೆಗೆ ಯಾವ ಪಾಠ ಓದಬೇಕೆಂಬುದು ನಿಮ್ಮ ಕೈಯಲ್ಲಿದೆ. ಅದೇ ನಿಮ್ಮ ಚಕ್ರ. ಅದನ್ನು ತಿರುಗಿಸಿ.

ದೇಹದ ಮಾತನ್ನೂ ಪ್ರಾಣಿಗಳಿಂದ ಕಲಿಯೋಣ. ಜಿಂಕೆ ಓಡಿದಾಗ ರಕ್ತಕ್ಕೆ ಬಂದ ಸಕ್ಕರೆ ಓಟದಲ್ಲಿ ಖರ್ಚಾಗುತ್ತದೆ. ನಾವು ಸಿಟ್ಟನ್ನು ನುಂಗಿಕೊಂಡು ಕುರ್ಚಿಯಲ್ಲೇ ಕೂರುತ್ತೇವೆ. ಸಿಟ್ಟು ಬಂದಾಗ ಹತ್ತು ನಿಮಿಷ ಬಿರುಸಾಗಿ ನಡೆದು ಬನ್ನಿ. ಮಾತಾಡುವುದಿದ್ದರೆ ಆಮೇಲೆ ಮಾತಾಡಿ. ಕಾಯಿಲೆ ಬಿದ್ದ ನಾಯಿ ಒಂದು ಮೂಲೆ ಹಿಡಿದು ಮಲಗುತ್ತದೆ. ಜ್ವರ ಬಂದಾಗ ವಿಶ್ರಾಂತಿ ಪಡೆಯುವುದು ಸೋಮಾರಿತನವಲ್ಲವೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಸಿರಾಡಲು ಪದೇಪದೇ ನೀರಿನ ಮೇಲೆ ಬರಬೇಕಾದ ಡಾಲ್ಫಿನ್ ಕೂಡ ನಿದ್ರೆ ಬಿಟ್ಟಿಲ್ಲ. ಮಿದುಳಿನ ಅರ್ಧ ಭಾಗ ಎಚ್ಚರವಿದ್ದಾಗ ಇನ್ನರ್ಧ ಮಲಗುತ್ತದೆ. ನಮಗೆ ಆ ಸೌಲಭ್ಯವಿಲ್ಲ! ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಗೆಟ್ಟು ಓದುವ ಮಿತ್ರರು ಇದನ್ನು ಗಮನಿಸಬೇಕು.

ಜಗಳದ ವಿಷಯದಲ್ಲಿ ನಮಗೆ ಗುರುಗಳು ಚಿಂಪಾಂಜಿಗಳು. ನೆದರ್ಲೆಂಡ್ಸ್‌ನ ಆರ್ನೆಮ್ ಮೃಗಾಲಯದಲ್ಲಿ 1970ರ ದಶಕದಲ್ಲಿ ಫ್ರಾನ್ಸ್ ಡಿ ವಾಲ್ ಅವುಗಳನ್ನು ಗಮನಿಸಿದರು. ಕಚ್ಚಾಡಿದ ಚಿಂಪಾಂಜಿಗಳೇ ಸ್ವಲ್ಪ ಹೊತ್ತಿನಲ್ಲಿ ಹತ್ತಿರ ಬಂದು ಅಪ್ಪಿಕೊಳ್ಳುತ್ತಿದ್ದವು, ಮುತ್ತಿಡುತ್ತಿದ್ದವು. ನಮ್ಮ ಬೆಟ್ಟ, ದೇವಸ್ಥಾನಗಳಲ್ಲಿ ಕೋತಿಗಳು ಒಂದರ ಮೈಯನ್ನೊಂದು ಹೆಕ್ಕುವುದನ್ನು ನೋಡಿದ್ದೀರಲ್ಲವೇ? ಅದು ಹೇನು ಹುಡುಕುವುದಷ್ಟೇ ಅಲ್ಲ, ಸ್ನೇಹದ ಭಾಷೆಯೂ ಹೌದು. ಹಾಗೆ ಮೈ ಹೆಕ್ಕಿಸಿಕೊಳ್ಳುವ ಕೋತಿಯ ಎದೆಬಡಿತ ನಿಧಾನವಾಗುವುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಮುನಿಸನ್ನು ವಾರಗಟ್ಟಲೆ ಹೊರುವ ಬದಲು ‘ಬಾ, ಕಾಫಿ ಕುಡಿಯೋಣ’ ಎಂದು ನೀವೇ ಮೊದಲು ಕರೆದರೆ ಸಣ್ಣವರಾಗುವುದಿಲ್ಲ.

ಕೊನೆಯದಾಗಿ, ಯಾವ ಪ್ರಾಣಿಗೂ ಇಲ್ಲದ ಒಂದು ಸಾಧನ ನಮ್ಮಲ್ಲಿದೆ. ಅದು ಮಾತು. ‘ನನ್ನ ಮನಸ್ಸು ಸರಿಯಿಲ್ಲ, ಸ್ವಲ್ಪ ಹೊತ್ತು ನನ್ನ ಜೊತೆ ಕೂರು’ ಎಂದು ಜಿಂಕೆ ಹೇಳಲಾರದು, ನಾವು ಹೇಳಬಲ್ಲೆವು. 2022ರ ಒಂದೇ ವರ್ಷ ನಮ್ಮ ದೇಶದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರಲ್ಲಿ ಎಷ್ಟು ಮಂದಿಗೆ ಕೇಳುವ ಕಿವಿಯೊಂದು ಸಿಕ್ಕಿದ್ದರೆ ಸಾಕಾಗಿತ್ತೋ! ದುಃಖ ವಾರಗಟ್ಟಲೆ ಕರಗದಿದ್ದರೆ, ಬದುಕೇ ಬೇಡವೆನಿಸಿದರೆ, ತಡಮಾಡದೆ ಹೆತ್ತವರಿಗೆ, ಮೇಷ್ಟ್ರಿಗೆ, ಗೆಳೆಯರಿಗೆ ಹೇಳಿ. ಹೇಳಲು ಯಾರೂ ಇಲ್ಲವೆನಿಸಿದರೆ 14416ಕ್ಕೆ ದೂರವಾಣಿ ಮಾಡಿ. ಇದು 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸೇವೆ. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪಕ್ಕದ ಬೆಂಚಿನ ಗೆಳೆಯ ಮೌನವಾಗಿದ್ದರೆ ನೀವೇ ಹೋಗಿ ವಿಚಾರಿಸಿ.

ಹುಲಿ ಬಂದಾಗ ಕೂಗಿ ಹೇಳಿ. ಹೋದ ಮೇಲೆ ಹಸಿರಿನ ಕಡೆ ಮುಖ ತಿರುಗಿಸಿ. ನಿಮಗೆಲ್ಲ ಶುಭವಾಗಲಿ.