ಅಳತೆ ಸರಿಯಿದ್ದರೆ ಜಗಳವಿಲ್ಲ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನನಗೆ ಕೊಟ್ಟಿರುವ ವಿಷಯ ‘ಮಾನದಂಡಗಳಿಂದ ಆಗುವ ಪ್ರಯೋಜನ’. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವನು. ದೊಡ್ಡ ಕಾರ್ಖಾನೆಗಳ ವಿಚಾರ ಅಷ್ಟಾಗಿ ತಿಳಿಯದು. ಆದರೆ ದಿನಕ್ಕೆರಡು ಹೊತ್ತು ಕ್ಯಾನು ಹಿಡಿದು ಡೈರಿ ಬಾಗಿಲಲ್ಲಿ ನಿಲ್ಲುವವನಾದ್ದರಿಂದ ಅನುಭವದ ಮೇಲೆ ಎರಡು ಮಾತು ಹೇಳುತ್ತೇನೆ.

ನಮ್ಮ ತಾತ ಹೇಳೋರು, ಅವರ ಕಾಲದಲ್ಲಿ ಸೇರು ಊರಿಗೊಂದು ಥರ ಇತ್ತಂತೆ. ಕೊಳ್ಳುವವನ ಸೇರು ದೊಡ್ಡದು, ಮಾರುವವನ ಸೇರು ಚಿಕ್ಕದು. ಎರಡು ಕಡೆಯೂ ನಷ್ಟ ರೈತನಿಗೇ. 1956ರಲ್ಲಿ ತೂಕ ಮತ್ತು ಅಳತೆಯ ಕಾಯಿದೆ ಬಂದ ಮೇಲೆ ಕ್ರಮೇಣ ದೇಶಕ್ಕೆಲ್ಲ ಒಂದೇ ಕಿಲೋ, ಒಂದೇ ಲೀಟರು ಆಯಿತು. ಮಾನದಂಡ ಅಂದರೆ ಇಷ್ಟೇ. ವ್ಯವಹಾರಕ್ಕೆ ಮುಂಚೆಯೇ ಎಲ್ಲರೂ ಒಪ್ಪಿಕೊಂಡ ಅಳತೆ.

ಸಾಮಾನುಗಳಿಗೂ ಹಾಗೆಯೇ. 1947ರಲ್ಲಿ ಐ.ಎಸ್.ಐ. ಸಂಸ್ಥೆ ಹುಟ್ಟಿತು. 1987ರಿಂದ ಅದು ಭಾರತೀಯ ಮಾನಕ ಬ್ಯೂರೋ ಆಗಿದೆ, ಗುರುತು ಮಾತ್ರ ಹಳೇ ಹೆಸರಿನದೇ. ಒಂದು ಕಂಪನಿಯ ಪೈಪಿಗೆ ಇನ್ನೊಂದು ಕಂಪನಿಯ ಎಲ್ಬೋ ಸರಿಯಾಗಿ ಕೂರುವುದು ಇಂಥ ಒಪ್ಪಿದ ಅಳತೆಯಿಂದ. ಅಗ್ಗಕ್ಕೆ ಸಿಕ್ಕಿತು ಅಂತ ಗುರುತಿಲ್ಲದ ವೈರು ಎಳೆದು ಪಂಪ್‌ಸೆಟ್ ಮೋಟಾರು ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ವೈರಿನಲ್ಲಿ ಉಳಿಸಿದ್ದಕ್ಕಿಂತ ರಿವೈಂಡಿಂಗಿಗೆ ಕೊಟ್ಟಿದ್ದೇ ಜಾಸ್ತಿ. ಗುರುತು ನೋಡುವಾಗ ಅದರ ಜೊತೆ ಐ.ಎಸ್. ನಂಬರು, ಸಿ.ಎಂ./ಎಲ್. ಲೈಸೆನ್ಸ್ ನಂಬರು ಇದೆಯೇ ಅಂತಲೂ ನೋಡಿ.

ಇನ್ನು ನಮ್ಮ ಹಾಲಿನ ವಿಷಯ. ಹಾಲಿಗೆ ಬೆಲೆ ಕಟ್ಟುವುದು ಬರೀ ಲೀಟರಿನ ಮೇಲಲ್ಲ, ಫ್ಯಾಟು, ಎಸ್.ಎನ್.ಎಫ್. ಮೇಲೆ. ನಾನು ನಿರ್ದೇಶಕನಾದ ಮರುವರ್ಷ ನಮ್ಮ ಮನೆ ಹಾಲಿನ ಫ್ಯಾಟು ದಿಢೀರನೆ ಇಳಿಯಿತು. ನಾಲ್ಕು ಜನರ ಮುಂದೆ ಪರೀಕ್ಷಕನ ಮೇಲೆ ಕೂಗಾಡಿಬಿಟ್ಟೆ. ಆ ಹುಡುಗ, “ಅಣ್ಣಾ, ಗರ್ಬರ್ ಟೆಸ್ಟೂ ಮಾಡ್ತೀನಿ, ನಿಂತ್ಕೊಂಡು ನೋಡಿ” ಅಂದ. 10 ಎಂ.ಎಲ್. ಸಲ್ಫ್ಯೂರಿಕ್ ಆಮ್ಲ, 10.75 ಎಂ.ಎಲ್. ಹಾಲು, 1 ಎಂ.ಎಲ್. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿದ. ಯಂತ್ರ ತೋರಿಸಿದ್ದನ್ನೇ ಗಾಜಿನ ನಳಿಕೆಯೂ ತೋರಿಸಿತು. ಮನೆಗೆ ಹೋಗಿ ವಿಚಾರಿಸಿದರೆ, ಕರು ಸೊರಗಿದೆ ಅಂತ ಕೊನೆಯ ಹಾಲನ್ನು ಅದಕ್ಕೇ ಬಿಡುತ್ತಿದ್ದರು. ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. ಮಾರನೇ ದಿನ ಆ ಹುಡುಗನಲ್ಲಿ ತಪ್ಪಾಯಿತು ಅಂದೆ.

ಇನ್ನೊಂದು ಸಲ, ಒಂದೇ ಹಸು ಸಾಕಿಕೊಂಡಿರುವ ಒಬ್ಬ ತಾಯಿ ಬಂದು ವಾರದಿಂದ ಫ್ಯಾಟು ಕಮ್ಮಿ ಬರ್ತಿದೆ ಅಂದರು. ನಾವು ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ದಿನ ಗರ್ಬರ್ ಮಾಡಿ ನೋಡಿದರೆ ಯಂತ್ರವೇ ತಪ್ಪು ತೋರಿಸುತ್ತಿತ್ತು. ಅದನ್ನು ಸರಿಯಾಗಿ ತೊಳೆದಿರಲಿಲ್ಲ. ಆ ವಾರ ಹಾಲು ಹಾಕಿದ ಎಲ್ಲರಿಗೂ ವ್ಯತ್ಯಾಸದ ಹಣ ಕೊಟ್ಟೆವು.

ನೋಡಿ, ಕೂಗಾಡಿದ ನಿರ್ದೇಶಕನದು ತಪ್ಪಾಗಿತ್ತು, ಮೆಲ್ಲಗೆ ಹೇಳಿದ ಆ ತಾಯಿಯದು ಸರಿಯಾಗಿತ್ತು. ಒಪ್ಪಿದ ಪರೀಕ್ಷೆ ಒಂದು ಇರದಿದ್ದರೆ ನನ್ನ ಕೂಗೇ ಗೆಲ್ಲುತ್ತಿತ್ತು. ಸಹಕಾರ ಸಂಘಕ್ಕೆ ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ. ಕ್ಯಾನು ಶುಚಿಯಾಗಿರಲಿ, ಹಾಲಿಗೆ ನೀರು ಬೇಡ. ನಮ್ಮನ್ನೂ ಕೇಳಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಆಗಬೇಕು, ಆಗಿದೆಯೇ ಅಂತ ಕೇಳಿ. ಅನುಮಾನ ಬಂದರೆ ಎದುರಿಗೇ ಪರೀಕ್ಷೆ ಮಾಡಿಸಿ. ಕೇಳುವುದು ಜಗಳವಲ್ಲ, ಅದು ನಿಮ್ಮ ಹಕ್ಕು. ಇಪ್ಪತ್ತೈದು ವರ್ಷ ಈ ಸಂಘ ನಿಂತಿರುವುದು ಕಟ್ಟಡದ ಮೇಲಲ್ಲ, ನಿಮ್ಮ ನಂಬಿಕೆ ಮೇಲೆ. ಆ ನಂಬಿಕೆ ಉಳಿಯಬೇಕಾದರೆ ಅಳತೆ ಎಲ್ಲರಿಗೂ ಒಂದೇ ಇರಬೇಕು.