ವಿಮಾನ ಹತ್ತುವ ಬುತ್ತಿ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಯಿಂದ ಯಾರಾದರೂ ಪರದೇಶಕ್ಕೆ ಹೊರಟರೆಂದರೆ ಅಡುಗೆಮನೆಯಲ್ಲಿ ವಾರ ಮೊದಲೇ ಗಡಿಬಿಡಿ ಶುರು. ಮಗ ದುಬೈಯಲ್ಲಿರಲಿ, ಮಗಳು ಅಮೆರಿಕದಲ್ಲಿರಲಿ, ಬರಿಗೈಲಿ ಹೋಗುವ ಮಾತೇ ಇಲ್ಲ. ಅದರಲ್ಲೂ ಮಗಳ ಬಾಣಂತನಕ್ಕೆ ಹೊರಟ ಅವ್ವನ ಚೀಲ ನೋಡಬೇಕು: ಅಂಟಿನ ಉಂಡಿ, ಕರದಂಟು, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಂಕೇಶ್ವರದ ಮೆಣಸಿನಕಾಯಿ ಕುಟ್ಟಿದ ಖಾರ.

ಈ ತಿನಿಸುಗಳಿಗೆ ದೂರದ ದಾರಿ ಹೊಸದಲ್ಲ. ಚಕ್ಕಡಿ ಹೂಡಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದ ನಮ್ಮ ಹಿರಿಯರ ಬುತ್ತಿಯೂ ಇದೇ ಆಗಿತ್ತು. ನೀರಿನ ಪಸೆ ಆರಿದ ರೊಟ್ಟಿಗೆ ಬೂಸು ಹಿಡಿಯುವುದಿಲ್ಲ, ಹುರಿದು ಕುಟ್ಟಿದ ಹಿಂಡಿ ಬೇಗ ಕೆಡುವುದಿಲ್ಲ. ಹೆಣ್ಣುಮಕ್ಕಳು ಈ ವಿದ್ಯೆಯನ್ನು ಯಾವ ಪುಸ್ತಕವೂ ಇಲ್ಲದೆ ಕೈಯಿಂದ ಕೈಗೆ ಕೊಡುತ್ತ ಬಂದಿದ್ದಾರೆ. ನನಗೆ ಇದು ಬಹಳ ದೊಡ್ಡ ವಿದ್ಯೆಯಾಗಿ ಕಾಣುತ್ತದೆ.

ಗೋಕಾಕದ ಕರದಂಟನ್ನೇ ನೋಡಿ. ಗಿಡದ ಅಂಟಿನ ಹರಳನ್ನು ತುಪ್ಪದಲ್ಲಿ ನಿಧಾನವಾಗಿ ಕರಿಯಬೇಕು. ಉರಿ ಹೆಚ್ಚಾದರೆ ಹೊರಗೆ ಕೆಂಪಗಾಗಿ ಒಳಗೆ ಹಸಿ ಉಳಿದು ಹಲ್ಲಿಗೆ ಹತ್ತುತ್ತದೆ. ಆಮೇಲೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಬೆಲ್ಲದ ಪಾಕ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಆಣೆಕಟ್ಟಿನಲ್ಲಿ ನಿಂತ ಘಟಪ್ರಭೆಯ ನೀರು ಕಾಲುವೆ ಹಿಡಿದು ಬಂದು ಕಬ್ಬಾಗಿ, ಕಬ್ಬು ಬೆಲ್ಲವಾಗಿ ಈ ಬಾಣಲೆಗೆ ಬೀಳುತ್ತದೆ. ಕೊನೆಗೆ ಮೇಲೆ ಒಂದಿಷ್ಟು ಕಸಕಸಿ, ಅಂದರೆ ಗಸಗಸೆ, ಉದುರಿಸುತ್ತಾರೆ.

ಈ ಕಸಕಸಿಯ ಬಗ್ಗೆಯೇ ಇವತ್ತು ಒತ್ತಿ ಹೇಳಬೇಕಾಗಿದೆ. ದುಬೈ, ಅಬುಧಾಬಿ ಸೇರಿದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆಗೆ ನಿಷೇಧವಿದೆ. ಅದು ಅಫೀಮಿನ ಗಿಡದ ಬೀಜವಾದ್ದರಿಂದ ಅಲ್ಲಿ ಮಾದಕ ವಸ್ತುವಿನ ಕಾಯ್ದೆಯೊಳಗೆ ಬರುತ್ತದೆ. ನಮಗೆ ಅಡುಗೆಯ ಸಾಮಾನು, ಅಲ್ಲಿ ಅಪರಾಧ. ದುಬೈಗೆ ಹೋಗುವ ಕರದಂಟನ್ನು ಕಸಕಸಿ ಹಾಕದೆ ಮನೆಯಲ್ಲೇ ಮಾಡಿ. ಅಂಗಡಿಯದಾದರೆ ಕೇಳಿಕೊಂಡೇ ತೆಗೆದುಕೊಳ್ಳಿ. ರುಚಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಇಡೀ ಒಣಕೊಬ್ಬರಿ ಬಟ್ಟಲನ್ನೂ ವಿಮಾನದ ಚೀಲಕ್ಕೆ ಹಾಕಬೇಡಿ. ಎಣ್ಣೆಯ ಅಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು 2022ರಲ್ಲಿ ನಮ್ಮ ವಿಮಾನಯಾನ ಭದ್ರತಾ ಇಲಾಖೆಯೇ ಅದನ್ನು ತಡೆಹಿಡಿದಿದೆ. ಬೆಳಗಾವಿಯ ಕುಂದಾ ಹಾಲಿನ ತಿನಿಸು. ಯುರೋಪಿನ ದೇಶಗಳಿಗೂ ಆಸ್ಟ್ರೇಲಿಯಾಕ್ಕೂ ಅದನ್ನು ಒಯ್ಯುವಂತಿಲ್ಲ. ನಮ್ಮ ದನಗಳ ಕಾಲುಬಾಯಿ ಬೇನೆ ಅಲ್ಲಿಗೆ ದಾಟೀತೆಂಬ ಭಯ ಅವರಿಗೆ. ದನ ಸಾಕಿದ ನಮಗೆ ಆ ಭಯ ಅರ್ಥವಾಗದ್ದೇನಲ್ಲ.

ಎಷ್ಟೋ ಜನ ಅಂಜಿಕೆಯಿಂದ ಉಂಡಿಗಳನ್ನು ಸೀರೆಯ ಮಡಿಕೆಯೊಳಗೆ ಮುಚ್ಚಿಡುತ್ತಾರೆ. ಅಲ್ಲಿಯ ಕಸ್ಟಮ್ಸ್ ಕಾಗದದಲ್ಲಿ 'ತಿನಿಸು ಇದೆಯೆ' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕುತ್ತಾರೆ. ಹಾಗೆ ಮಾಡಬೇಡಿ. ಅಮೆರಿಕದಲ್ಲಿ ಇದೆಯೆಂದು ಮೊದಲೇ ಹೇಳಿದ ತಿನಿಸನ್ನು ಅಧಿಕಾರಿ ಬೇಡವೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೆ. ಮುಚ್ಚಿಟ್ಟದ್ದು ಸಿಕ್ಕರೆ ದಂಡ ಬೀಳುತ್ತದೆ. ರಾತ್ರಿಯೆಲ್ಲ ಒಲೆಯ ಮುಂದೆ ಕೂತು ಮಾಡಿದ ಉಂಡಿಯನ್ನು ಕಳ್ಳಮಾಲಿನಂತೆ ಅಡಗಿಸುವುದು ಆ ದುಡಿಮೆಗೆ ಮಾಡುವ ಅವಮಾನ ಎಂದೇ ನನಗನ್ನಿಸುತ್ತದೆ. ಡಬ್ಬಿಯ ಮೇಲೆ ಒಳಗೇನಿದೆಯೆಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಇಂಗ್ಲಿಷು ಬಾರದ ಅವ್ವಂದಿರಿಗೆ ಮೊಮ್ಮಕ್ಕಳು ಬರೆದುಕೊಡಲಿ.

ಒಯ್ದ ಡಬ್ಬಿಗಳು ಒಂದೆರಡು ತಿಂಗಳಲ್ಲಿ ಬರಿದಾಗುತ್ತವೆ. ಬಾಣಂತನಕ್ಕೆ ಹೋದ ಅವ್ವ ಮಾತ್ರ ಇನ್ನೂ ಮಗಳ ಮನೆಯಲ್ಲೇ ಇರುತ್ತಾಳೆ. ಅಂಟು, ಬೆಲ್ಲ, ಉತ್ತತ್ತಿ ಅಲ್ಲಿಯ ಭಾರತೀಯ ಅಂಗಡಿಗಳಲ್ಲೂ ಸಿಗುತ್ತವೆ. ಬಾಣಂತಿ ಮಲಗಿರಲಿ, ಅಳಿಯಂದಿರು ಅತ್ತೆಯ ಪಕ್ಕ ಒಲೆಯ ಮುಂದೆ ನಿಲ್ಲಲಿ. ಎಷ್ಟು ಉರಿಗೆ ಅಂಟು ಅರಳುತ್ತದೆ, ನೀರಿನ ಬಟ್ಟಲಿಗೆ ಬಿಟ್ಟ ಪಾಕದ ಹನಿ ಬೆರಳಿಗೆ ಉಂಡಿಯಾಗಿ ಬರುವುದು ಯಾವಾಗ ಎಂದು ಕೇಳಿ, ಕಣ್ಣಾರೆ ನೋಡಿ, ಒಂದು ಸಲ ತಾವೇ ಮಾಡಿ ಕಲಿಯಲಿ.